ಕರಿನೀರಿನ ಊರಿಗೆ ಹೊರಟ ಗೆಳತಿಗೆ

ಪ್ರೀತಿಯ ಓದುಗ ಗೆಳತಿಗೆ,

ಈ ರಜೆಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಅಂಡಮಾನಿಗೆ ಹೊರಟಿದ್ದೀರಿ ಎಂದು ಓದಿ ತುಂಬ ಸಂತೋಷವಾಯಿತು. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಸೆಲ್ಯುಲರ್ ಜೈಲು ನೋಡಲು ಅರ್ಧ ದಿನ ಸಾಕೇ? ಅಷ್ಟೊಂದು ನೋವು ತುಂಬಿದ ಜಾಗವನ್ನು ಹೈಸ್ಕೂಲು ಮಕ್ಕಳಿಗೆ ತೋರಿಸುವುದು ಸರಿಯೇ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಖಂಡಿತ ತೋರಿಸಿ. ಮಕ್ಕಳು ನೋವಿನ ಕಥೆಗೆ ಹೆದರುವುದಕ್ಕಿಂತ ಅರ್ಧ ಹೇಳಿದ ಕಥೆಗೆ ಗೊಂದಲಗೊಳ್ಳುವುದೇ ಹೆಚ್ಚು. ಇನ್ನು ಮೊದಲ ಪ್ರಶ್ನೆ. ಜೈಲಿಗೆ ಅರ್ಧ ದಿನ ಸಾಕು. ಆದರೆ ಕಡಲಾಚೆಗೆ ಗಡೀಪಾರು ಮಾಡುತ್ತಿದ್ದ ಕರಿನೀರಿನ ಶಿಕ್ಷೆಯ ಕಥೆಗೆ ಸಾಲದು. ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ಬ್ರಿಟಿಷರು ಕೈದಿಗಳ ಮೊದಲ ತಂಡವನ್ನು ಅಲ್ಲಿಗೆ ತಂದಿಳಿಸಿದ್ದು 1858ರಲ್ಲಿ. ನಡುವಿನ 48 ವರ್ಷ ಅಲ್ಲಿ ಈ ಜೈಲೇ ಇರಲಿಲ್ಲ. ಸುತ್ತಲಿನ ಸಮುದ್ರವೇ ಗೋಡೆ, ಊರೇ ಸೆರೆಮನೆ. ನಾವು ಜೈಲನ್ನು ಚೆನ್ನಾಗಿ ಉಳಿಸಿಕೊಂಡಿದ್ದೇವೆ. ಆ ಊರನ್ನು, ಅದನ್ನು ಕಟ್ಟಿದವರನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿಲ್ಲ. ನಿಮ್ಮ ಮಕ್ಕಳಾದರೂ ಎರಡನ್ನೂ ಸೇರಿಸಿ ನೋಡಿ ಬರಲಿ ಎಂಬ ಆಸೆಯಿಂದ ಈ ದೀರ್ಘ ಪತ್ರ.

ಒಂದು ಸೂಚನೆ. ರಾಸ್ ದ್ವೀಪಕ್ಕೆ 2018ರಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಎಂದೂ ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದೂ ಹೊಸ ಹೆಸರಿಡಲಾಗಿದೆ. ಹಳೆಯ ಕಾಗದಪತ್ರಗಳಲ್ಲಿ ಹಳೆಯ ಹೆಸರುಗಳೇ ಇರುವುದರಿಂದ ಇಲ್ಲಿ ಅವನ್ನೇ ಬಳಸುತ್ತೇನೆ. ಟಿಕೆಟ್ ತೆಗೆಯುವಾಗ ಹೊಸ ಹೆಸರು ನೆನಪಿರಲಿ.

ಮೊದಲು ಚಾಥಮ್ ದ್ವೀಪಕ್ಕೆ ಹೋಗಿ. ಊರಿಗೆ ಸೇತುವೆಯಿಂದ ಸೇರಿಕೊಂಡ ಪುಟ್ಟ ದ್ವೀಪ ಅದು. 1789ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಅಧಿಕಾರಿ ಆರ್ಚಿಬಾಲ್ಡ್ ಬ್ಲೇರ್ ಮೊದಲ ವಸಾಹತು ಹೂಡಿದ್ದು ಅಲ್ಲೇ. ಮೂರು ವರ್ಷದಲ್ಲಿ ಅದನ್ನು ಉತ್ತರ ಅಂಡಮಾನಿಗೆ ಸಾಗಿಸಿದರು. ಅಲ್ಲಿ ಕಾಯಿಲೆ ಸಾವುಗಳು ತಡೆಯಲಾರದಷ್ಟಾಗಿ 1796ರಲ್ಲಿ ಎಲ್ಲವನ್ನೂ ಬಿಟ್ಟು ಹೊರಟರು. ಆಮೇಲೆ ಅರವತ್ತು ವರ್ಷ ಆ ದ್ವೀಪಗಳು ಅಲ್ಲಿನ ಮೂಲ ಜನರ ಪಾಲಿಗೇ ಉಳಿದವು. ಬ್ರಿಟಿಷರನ್ನು ಮತ್ತೆ ಅತ್ತ ಎಳೆದದ್ದು 1857ರ ದಂಗೆ. ಉತ್ತರ ಭಾರತದ ಜೈಲುಗಳು ತುಂಬಿ ತುಳುಕುತ್ತಿದ್ದವು. ದಂಗೆಯೆದ್ದ ಸಿಪಾಯಿಗಳನ್ನು ಅವರ ನೆಲದಿಂದ ಬಹುದೂರ, ಮರಳಿ ಬರಲಾಗದ ಕಡೆ ಇಡಬೇಕಿತ್ತು. ಡಾಕ್ಟರ್ ಮೌಟ್ ಎಂಬವನ ನೇತೃತ್ವದ ಸಮಿತಿ ಬಂದು ಜಾಗ ಗೊತ್ತುಮಾಡಿತು. 1858ರ ಮಾರ್ಚ್ 10ರಂದು ಸೆಮಿರಾಮಿಸ್ ಎಂಬ ಉಗಿಹಡಗು 200 ಕೈದಿಗಳನ್ನು ತಂದಿಳಿಸಿತು. ಅವರ ಮೇಲಧಿಕಾರಿ ಡಾಕ್ಟರ್ ಜೇಮ್ಸ್ ಪ್ಯಾಟಿಸನ್ ವಾಕರ್, ಅದಕ್ಕೂ ಮುಂಚೆ ಆಗ್ರಾ ಜೈಲಿನ ಸೂಪರಿಂಟೆಂಡೆಂಟ್ ಆಗಿದ್ದವನು.

ಆ ಮೊದಲ ತಿಂಗಳುಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಗಂಗಾ ಬಯಲಿನಲ್ಲಿ ಹುಟ್ಟಿ ಬೆಳೆದವರು, ಸಮುದ್ರವನ್ನೇ ಕಂಡಿರದವರು, ಕಾಲಿನ ಬೇಡಿ ಎಳೆದುಕೊಂಡು ಬಿಸಿಲು ನೆಲ ಮುಟ್ಟದ ಕಾಡನ್ನು ಕಡಿಯಬೇಕು. ಮಳೆ, ಜಿಗಣೆ, ಜ್ವರ. ತಪ್ಪಿಸಿಕೊಂಡರೆ ಕಾಡಿನಾಚೆ ಬರ್ಮಾ ಸಿಗುತ್ತದೆ, ಅಲ್ಲಿಂದ ಊರು ಸೇರಬಹುದು ಎಂಬ ಮಾತು ಅವರೊಳಗೆ ಹಬ್ಬಿತ್ತು. ನಂಬಿ ಓಡಿದವರಲ್ಲಿ ಎಷ್ಟೋ ಮಂದಿ ಹಸಿವಿನಿಂದಲೋ ಮೂಲ ನಿವಾಸಿಗಳ ಬಾಣಗಳಿಂದಲೋ ಕಾಡಿನಲ್ಲೇ ಮುಗಿದುಹೋದರು. ಸಿಕ್ಕಿಬಿದ್ದವರನ್ನೂ ತಾವಾಗಿ ಮರಳಿ ಬಂದವರನ್ನೂ ವಾಕರ್ ಗಲ್ಲಿಗೇರಿಸಿದ. ಮೊದಲ ಮೂರು ನಾಲ್ಕು ತಿಂಗಳಲ್ಲೇ ಹಾಗೆ 80ಕ್ಕೂ ಹೆಚ್ಚು ಮಂದಿ ಸತ್ತರು. ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಮರಣದಂಡನೆ ಕೂಡದೆಂದು ಕಲ್ಕತ್ತಾದ ಸರ್ಕಾರವೇ ಅವನನ್ನು ತಡೆಯಬೇಕಾಯಿತು.

ಓಡಿಹೋದವರಲ್ಲಿ ಒಬ್ಬನ ಕಥೆ ಮಕ್ಕಳಿಗೆ ಹೇಳಲೇಬೇಕು. ದೂಧನಾಥ್ ತಿವಾರಿ ಎಂಬ ಸಿಪಾಯಿ 1858ರ ಏಪ್ರಿಲ್‌ನಲ್ಲಿ ಜೊತೆಗಾರರೊಂದಿಗೆ ತಪ್ಪಿಸಿಕೊಂಡ. ಜೊತೆಯವರು ಸತ್ತರು, ಗಾಯಗೊಂಡ ಇವನನ್ನು ಅಂಡಮಾನಿಗಳು ತಮ್ಮೊಳಗೆ ಸೇರಿಸಿಕೊಂಡರು. ಒಂದು ವರ್ಷ ಅವರೊಂದಿಗೆ ಬಾಳಿದ, ಅವರಲ್ಲೇ ಮದುವೆಯೂ ಆಯಿತು. ತಮ್ಮ ಬೇಟೆಯ ಕಾಡು ದಿನೇದಿನೇ ಬಯಲಾಗುವುದನ್ನು ನೋಡಿ ನೊಂದ ಆ ಜನ 1859ರ ಮೇ ತಿಂಗಳಲ್ಲಿ ವಸಾಹತಿನ ಮೇಲೆ ದೊಡ್ಡ ದಾಳಿಗೆ ಸಜ್ಜಾದಾಗ, ತಿವಾರಿ ಮೊದಲೇ ಓಡಿಬಂದು ಬ್ರಿಟಿಷರಿಗೆ ಸುದ್ದಿ ಮುಟ್ಟಿಸಿದ. ಬಿಲ್ಲುಬಾಣ ಹಿಡಿದು ಬಂದವರನ್ನು ಬಂದೂಕುಗಳು ಎದುರುಗೊಂಡವು. ಅಬರ್ಡೀನ್ ಕಾಳಗ ಎಂದು ಹೆಸರಾದ ಆ ದಿನದ ನೆನಪಿಗೆ ಊರಿನ ಅಬರ್ಡೀನ್ ದೋಣಿಕಟ್ಟೆಯ ಬಳಿ ಒಂದು ಸ್ಮಾರಕವಿದೆ. ತಿವಾರಿಗೆ ಕ್ಷಮಾದಾನ ಸಿಕ್ಕಿ ಬಿಡುಗಡೆಯಾಯಿತು. ಅವನನ್ನು ದ್ರೋಹಿ ಎನ್ನಬೇಕೇ, ಮನೆ ಸೇರುವ ಹಂಬಲದಲ್ಲಿ ಸೋತ ಕೈದಿ ಎನ್ನಬೇಕೇ? ಮಕ್ಕಳನ್ನೇ ಕೇಳಿ. ಒಂದೇ ಸಾಮ್ರಾಜ್ಯದಿಂದ ತುಳಿಸಿಕೊಂಡ ಎರಡು ಗುಂಪಿನ ಜನ ಒಬ್ಬರಿಗೊಬ್ಬರು ಎದುರಾಳಿಗಳಾಗಿ ನಿಂತ ಸಂಕಟ ಆ ಕಥೆಯಲ್ಲಿದೆ.

ಅದೇ ಕಟ್ಟೆಯಿಂದ ದೋಣಿ ಹತ್ತಿ ರಾಸ್ ದ್ವೀಪಕ್ಕೆ ಹೋಗಿ. ಸ್ವಲ್ಪ ಹೊತ್ತಿನ ದಾರಿ. 1858ರಿಂದ 1940ರ ದಶಕದ ಆರಂಭದವರೆಗೆ ಇಡೀ ಅಂಡಮಾನಿನ ಆಡಳಿತ ನಡೆದದ್ದು ಅಲ್ಲಿಂದಲೇ. ಚೀಫ್ ಕಮಿಷನರ್ ಬಂಗಲೆ, ಚರ್ಚು, ಬೇಕರಿ, ಅಚ್ಚುಕೂಟ, ಟೆನಿಸ್ ಅಂಕಣ, ಈಜುಕೊಳ, ನೀರು ಶುದ್ಧ ಮಾಡುವ ಘಟಕ: ಅಧಿಕಾರಿಗಳ ಸುಖಕ್ಕೆ ಬೇಕಾದದ್ದೆಲ್ಲ ಆ ಸಣ್ಣ ದ್ವೀಪದಲ್ಲಿತ್ತು. ಅದರ ಒಂದೊಂದು ಇಟ್ಟಿಗೆಯನ್ನೂ ಹೊತ್ತವರು ಕೈದಿಗಳು. 1941ರ ಜೂನ್‌ನ ಭೂಕಂಪ ದ್ವೀಪವನ್ನು ಅಲುಗಿಸಿತು. ಮರುವರ್ಷ ಜಪಾನೀ ಸೈನ್ಯ ಬಂತು. ಬ್ರಿಟಿಷರು ಮತ್ತೆ ಅಲ್ಲಿ ನೆಲೆಯೂರಲಿಲ್ಲ. ಬಹುಕಾಲ ಹಾಳುಬಿದ್ದಿದ್ದ ದ್ವೀಪ 1979ರಲ್ಲಿ ನೌಕಾಪಡೆಯ ಸುಪರ್ದಿಗೆ ಬಂತು. ಈಗ ನೀವು ಕಾಣುವುದು ಅತ್ತಿ, ಆಲದ ಜಾತಿಯ ಮರಗಳು ಬೇರುಗಳಿಂದ ಅಪ್ಪಿ ಹಿಡಿದಿರುವ ಗೋಡೆಗಳನ್ನು. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಯುತ್ತಾರೆ. ನೀವೂ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಉಳಿಸುವ ಕೆಲಸ ಎಷ್ಟು ಕಷ್ಟದ್ದೆಂದು ಅಲ್ಲೇ ಮಕ್ಕಳಿಗೆ ತೋರಿಸಬಹುದು. ಬೇರು ಗಾರೆಯೊಳಗೆ ಹೊಕ್ಕು ಗೋಡೆಯನ್ನು ಸೀಳುತ್ತದೆ. ಹಾಗೆಂದು ಮರವನ್ನು ಕಿತ್ತರೆ, ಅದೇ ಬೇರು ಹಿಡಿದು ನಿಲ್ಲಿಸಿದ್ದ ಗೋಡೆ ಕುಸಿಯುತ್ತದೆ. ಎಲ್ಲಿ ಮರವನ್ನು ಬಿಡಬೇಕು, ಎಲ್ಲಿ ಸವರಬೇಕು, ಎಲ್ಲಿ ಗೋಡೆಗೆ ಆಸರೆ ಕೊಡಬೇಕು ಎಂಬುದನ್ನು ಒಂದೊಂದು ಗೋಡೆಯ ಮುಂದೆ ನಿಂತು ತೀರ್ಮಾನಿಸಬೇಕು. ಅದರ ಮೇಲೆ ವರ್ಷದ ಬಹುಪಾಲು ಸುರಿಯುವ ಮಳೆ, ಉಪ್ಪುಗಾಳಿ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ, ಉಪ್ಪು ಹರಳುಗಟ್ಟಿ, ಇಟ್ಟಿಗೆ ಪುಡಿಯಾಗಿ ಉದುರುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯೇ ಕಟ್ಟಡವನ್ನು ತಿನ್ನಬಹುದು ಎಂಬುದು ಮಕ್ಕಳಿಗೆ ಎಲ್ಲ ಕಡೆ ಉಪಯೋಗಕ್ಕೆ ಬರುವ ಪಾಠ.

ಸಾಧ್ಯವಾದರೆ ವೈಪರ್ ದ್ವೀಪಕ್ಕೂ ಹೋಗಿ. ದೋಣಿ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಸೆಲ್ಯುಲರ್ ಜೈಲಿಗೂ ಮೊದಲು ಜೈಲು ಇದ್ದದ್ದು ಅಲ್ಲಿ, 1860ರ ದಶಕದಲ್ಲಿ ಕಟ್ಟಿದ್ದು. ವಸಾಹತಿನ ಒಳಗೆ ಮತ್ತೆ ತಪ್ಪು ಮಾಡಿದವರನ್ನು ಸರಪಳಿಯಲ್ಲಿ ಸಾಲಾಗಿ ಬಿಗಿದು ದುಡಿಸುತ್ತಿದ್ದ ಜಾಗ. ದಿಬ್ಬದ ಮೇಲೆ ಕೆಂಪು ಕಟ್ಟಡ, ಅದರಲ್ಲಿ ನೇಣುಗಂಬ. 1872ರ ಮಾರ್ಚ್‌ನಲ್ಲಿ ಶೇರ್ ಅಲಿ ಅಫ್ರಿದಿಯನ್ನು ಗಲ್ಲಿಗೇರಿಸಿದ್ದು ಆ ದ್ವೀಪದಲ್ಲೇ.

ಶೇರ್ ಅಲಿಯ ಹೆಸರು ಬಂದಾಗ ನಿಮಗೆ ಬೆಂಗಳೂರಿನ ಒಂದು ಕಟ್ಟಡವನ್ನು ನೆನಪಿಸಬೇಕು. ಪೇಶಾವರದ ಕಡೆ ಬ್ರಿಟಿಷರ ಕೈಕೆಳಗೇ ದುಡಿದಿದ್ದ ಪಠಾಣ ಅವನು. ಕುಲದ ವೈರದಲ್ಲಿ ಒಬ್ಬನನ್ನು ಕೊಂದನೆಂದು ಶಿಕ್ಷೆಯಾಗಿ ಅಂಡಮಾನಿಗೆ ಬಂದ. ನಡತೆ ಒಳ್ಳೆಯದೆಂದು ಹೋಪ್‌ಟೌನ್‌ನಲ್ಲಿ ಕ್ಷೌರಿಕನ ಕೆಲಸ ಕೊಟ್ಟಿದ್ದರು. 1872ರ ಫೆಬ್ರವರಿ 8ರಂದು ವೈಸರಾಯ್ ಲಾರ್ಡ್ ಮೇಯೋ ವಸಾಹತನ್ನು ನೋಡಲು ಬಂದ. ಹ್ಯಾರಿಯಟ್ ಬೆಟ್ಟದಿಂದ ಸೂರ್ಯಾಸ್ತ ನೋಡಿ, ಕತ್ತಲಾದ ಮೇಲೆ ಹೋಪ್‌ಟೌನ್ ಕಟ್ಟೆಯಲ್ಲಿ ದೋಣಿಗೆ ಇಳಿಯುತ್ತಿದ್ದಾಗ ಶೇರ್ ಅಲಿ ಹಿಂದಿನಿಂದ ಬಂದು ಚಾಕುವಿನಿಂದ ಇರಿದ. ಭಾರತವನ್ನು ಆಳುತ್ತಿದ್ದಾಗಲೇ ಹತನಾದ ಏಕೈಕ ವೈಸರಾಯ್ ಮೇಯೋ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕೊನೆಯಲ್ಲಿರುವ ಮೇಯೋ ಹಾಲ್ 1883ರಲ್ಲಿ ತೆರೆದದ್ದು ಅವನ ನೆನಪಿಗೇ. ನಾವು ಕೋರ್ಟು ಕಚೇರಿಯ ಕೆಲಸಕ್ಕೆಂದು ಎಷ್ಟೋ ಸಲ ಹತ್ತಿಳಿದಿರುವ ಆ ಮೆಟ್ಟಿಲುಗಳಿಗೂ ಹೋಪ್‌ಟೌನ್ ಕಟ್ಟೆಗೂ ನಂಟಿದೆ. ಹೊರಡುವ ಮುನ್ನ ಮಕ್ಕಳಿಗೆ ಒಮ್ಮೆ ಮೇಯೋ ಹಾಲ್ ತೋರಿಸಿ. ಹ್ಯಾರಿಯಟ್ ಬೆಟ್ಟಕ್ಕೆ ಈಗ ಮಣಿಪುರ ಬೆಟ್ಟ ಎಂದು ಹೆಸರು. 1891ರ ಯುದ್ಧದ ಬಳಿಕ ಗಡೀಪಾರಾಗಿ ಬಂದ ಮಣಿಪುರದ ರಾಜ ಕುಲಚಂದ್ರ ಸಿಂಗ್ ಮತ್ತು ಸಂಗಡಿಗರನ್ನು ಅಲ್ಲಿ ಇರಿಸಲಾಗಿತ್ತು.

ಇನ್ನು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. ಅಂಡಮಾನಿಗೆ ಬಂದವರಲ್ಲಿ ನಾವು ಹೆಸರಿನಿಂದ ಬಲ್ಲವರು ಕೆಲವೇ ನೂರು. ವಸಾಹತಿನ ಇಡೀ ಕಾಲದಲ್ಲಿ ಅಲ್ಲಿಗೆ ಸಾಗಿಸಲ್ಪಟ್ಟ ಕೈದಿಗಳು ಸುಮಾರು 80 ಸಾವಿರ ಎಂದು ಇತಿಹಾಸಕಾರರ ಲೆಕ್ಕ. 1901ರ ಜನಗಣತಿಯ ಹೊತ್ತಿಗೆ ಸುಮಾರು 12 ಸಾವಿರ ಕೈದಿಗಳು ಅಲ್ಲಿದ್ದರು. ಕೊಲೆ, ಡಕಾಯಿತಿ, ದೊಂಬಿಯ ಮೊಕದ್ದಮೆಗಳಲ್ಲಿ ಜೀವಾವಧಿ ಶಿಕ್ಷೆಯಾದ ರೈತರು, ಕೂಲಿಗಳು, ಸಿಪಾಯಿಗಳೇ ಹೆಚ್ಚು. ಅವರಲ್ಲಿ ನಿಜವಾಗಿ ತಪ್ಪು ಮಾಡಿದವರೂ ಇದ್ದರು, ಸುಳ್ಳು ಸಾಕ್ಷಿಗೆ ಬಲಿಯಾದವರೂ ಇದ್ದಿರಬೇಕು. ಕೊರಳಲ್ಲಿ ನಂಬರು ಕೊರೆದ ಮರದ ಬಿಲ್ಲೆ ತೂಗಿಕೊಂಡು ಕಾಡು ಕಡಿದವರು, ಜೌಗು ಮುಚ್ಚಿದವರು, ರಸ್ತೆ ಹಾಕಿದವರು, ಗದ್ದೆ ಮಾಡಿದವರು ಇವರು. ಚಾಥಮ್‌ನಲ್ಲಿ ಇಂದಿಗೂ ನಡೆಯುತ್ತಿರುವ ಮರದ ಮಿಲ್ಲು 1883ರದ್ದು. ಅದರ ಮೊದಲ ದಿನಗಳ ದುಡಿಮೆಯೂ ಇವರದೇ.

ವಸಾಹತಿಗೊಂದು ಮೆಟ್ಟಿಲು ಮೆಟ್ಟಿಲಾದ ಕಟ್ಟುಪಾಡು ಇತ್ತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದು ಹೀಗಿತ್ತು: ಮೊದಲ ಆರು ತಿಂಗಳು ಸೆಲ್ಯುಲರ್ ಜೈಲಿನಲ್ಲಿ ಒಂಟಿ ಸೆರೆ, ಮುಂದಿನ ಒಂದೂವರೆ ವರ್ಷ ಜೈಲಿನಲ್ಲೇ, ಆದರೆ ಇತರರೊಂದಿಗೆ ಕೆಲಸ, ಮುಂದಿನ ಮೂರು ವರ್ಷ ಹಗಲಿಡೀ ಹೊರಗೆ ಕಠಿಣ ದುಡಿಮೆ, ರಾತ್ರಿ ಬ್ಯಾರಕ್ಕಿನಲ್ಲಿ ಬೀಗ, ಆಮೇಲೆ ಐದು ವರ್ಷ ತುಸು ಹಗುರ ಕೆಲಸ, ಸ್ವಲ್ಪ ಕಾಸು. ಹತ್ತು ವರ್ಷ ಹೀಗೆ ಕಳೆದವನಿಗೆ ನಡತೆ ನೋಡಿ ಪರವಾನಗಿ. ಅದು ಸಿಕ್ಕವನು ಹಳ್ಳಿಯಲ್ಲಿ ಗುಡಿಸಲು ಹಾಕಿ ಬೇಸಾಯ ಮಾಡಬಹುದು, ದನ ಸಾಕಬಹುದು, ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು ಅಥವಾ ಅಲ್ಲೇ ಮದುವೆಯಾಗಬಹುದು. ಆದರೂ ಅವನು ಕೈದಿಯೇ. ಅಪ್ಪಣೆಯಿಲ್ಲದೆ ಗಡಿ ದಾಟುವಂತಿಲ್ಲ. ಇಪ್ಪತ್ತು, ಇಪ್ಪತ್ತೈದು ವರ್ಷ ಕಳೆದ ಮೇಲೆ ಬಿಡುಗಡೆಯ ಮಾತು.

ಮದುವೆ ಎಂದೆನಲ್ಲ, ಅದು ಹೆಣ್ಣು ಕೈದಿಗಳ ಕಥೆಯತ್ತ ಕರೆದೊಯ್ಯುತ್ತದೆ. ಅವರು ತೀರ ಕಡಿಮೆ, ಹತ್ತು ಕೈದಿಗಳಲ್ಲಿ ಒಬ್ಬಳೂ ಇರಲಿಲ್ಲ. ಸೌತ್ ಪಾಯಿಂಟ್‌ನಲ್ಲಿ ಅವರಿಗೆ ಬೇರೆ ಜೈಲಿತ್ತು. ಹೆತ್ತ ಕೂಸನ್ನು ಕೊಂದರೆಂಬ ಆರೋಪ ಹೊತ್ತು ಬಂದವರು ಅವರಲ್ಲಿ ಹಲವರು. ಲೋಕಾಪವಾದಕ್ಕೆ ಹೆದರಿದ ವಿಧವೆಯರ ಸಂಕಟವನ್ನು ಅಂದಿನ ಕೋರ್ಟು ಎಷ್ಟು ಕೇಳಿಸಿಕೊಂಡೀತು ಎಂದು ನೀವೇ ಊಹಿಸಿ. ಜೈಲಿನಲ್ಲಿ ಕೆಲವು ವರ್ಷ ಕಳೆದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಪರವಾನಗಿ ಪಡೆದ ಗಂಡಸರಿಗೆ ನೋಡಿ ಆರಿಸಿಕೊಳ್ಳಲು ಬಿಡುತ್ತಿದ್ದರು. ಹೆಣ್ಣು ಒಪ್ಪಿ, ಅಧಿಕಾರಿ ಸಹಿ ಹಾಕಿದರೆ ಮದುವೆ. ಜಾತಿ, ಪ್ರಾಂತ, ಭಾಷೆ ಯಾವುದೂ ಕೂಡದ ಜೋಡಿಗಳು. ವಹಾಬಿ ಮೊಕದ್ದಮೆಯಲ್ಲಿ ಗಡೀಪಾರಾಗಿ 1866ರಲ್ಲಿ ಬಂದ ಮೌಲಾನಾ ಜಾಫರ್ ಥಾನೇಸರಿ ಅಲ್ಲೇ ಗುಮಾಸ್ತಿಕೆ ಮಾಡಿ, ಅಲ್ಲೇ ಮದುವೆಯಾಗಿ, ಮಕ್ಕಳೊಂದಿಗರಾಗಿ 1883ರಲ್ಲಿ ಊರಿಗೆ ಮರಳಿದವರು. ಅವರು ಉರ್ದುವಿನಲ್ಲಿ ಬರೆದಿಟ್ಟ ನೆನಪುಗಳು ಆ ದಿನಗಳ ಬದುಕಿಗೆ ಅಪರೂಪದ ಸಾಕ್ಷಿ. ಎಲ್ಲರಿಗೂ ಮರಳುವ ಭಾಗ್ಯವಿರಲಿಲ್ಲ. 1857ರ ದಂಗೆಗಾಗಿ ಶಿಕ್ಷೆಗೊಳಗಾದ ಮಹಾವಿದ್ವಾಂಸ ಫಜ್ಲ್-ಎ-ಹಕ್ ಖೈರಾಬಾದಿ 1861ರಲ್ಲಿ ಅಲ್ಲೇ ತೀರಿಕೊಂಡರು.

ಹೀಗೆ ನೆಲೆನಿಂತವರ ಮಕ್ಕಳು ಮೊಮ್ಮಕ್ಕಳನ್ನು ಇಂದಿಗೂ ಅಲ್ಲಿ ‘ಲೋಕಲ್ ಬಾರ್ನ್’ ಎನ್ನುತ್ತಾರೆ. ಅವರು ಮನೆಯಲ್ಲಿ ಆಡುವ ಹಿಂದೂಸ್ತಾನಿಯು ಬಂಗಾಳಿ, ತಮಿಳು, ಪಂಜಾಬಿಗಳೆಲ್ಲ ಕಲೆತು ಆ ನೆಲದಲ್ಲೇ ಬೆಳೆದದ್ದು. 1921ರ ಮಲಬಾರ್ ದಂಗೆಯ ಬಳಿಕ ಗಡೀಪಾರಾದ ಮಾಪಿಳ್ಳೆಗಳು ತಮ್ಮ ಹೊಸ ಹಳ್ಳಿಗಳಿಗೆ ಊರಿನ ಹೆಸರುಗಳನ್ನೇ ಇಟ್ಟುಕೊಂಡರು. ದಕ್ಷಿಣ ಅಂಡಮಾನಿನ ರಸ್ತೆ ಬದಿಯ ಫಲಕಗಳನ್ನು ಓದುತ್ತ ಹೋಗಿ: ಕ್ಯಾಲಿಕಟ್, ಮಂಜೇರಿ, ತಿರೂರು, ವಂಡೂರು. ಮಂಗಳೂರಿನಿಂದ ಕೋಯಿಕ್ಕೋಡಿಗೆ ರೈಲಿನಲ್ಲಿ ಹೋಗಿಬಂದವರಿಗೆ ಆ ಹೆಸರುಗಳನ್ನು ಅಲ್ಲಿ ಕಂಡಾಗ ಮನಸ್ಸು ತುಂಬಿಬರುತ್ತದೆ. ವಂಡೂರಿನ ಕಡಲತೀರಕ್ಕೆ ಪ್ರವಾಸಿಗರು ಹೋಗುತ್ತಾರೆ. ಆ ಹೆಸರು ಅಲ್ಲಿಗೆ ಬಂದ ದಾರಿಯನ್ನು ಹೇಳುವವರು ಕಡಿಮೆ. ನೀವು ಕೇಳಿ. ಹಿರಿಯರು ಸಿಕ್ಕರೆ ಕೂತು ಮಾತಾಡಿ.

ಈಗ ಜೈಲಿಗೆ ಬನ್ನಿ. ಇಷ್ಟೆಲ್ಲ ನೋಡಿದ ಮೇಲೆ ಅದನ್ನು ಕಟ್ಟಿದ್ದು ಏಕೆಂದು ಮಕ್ಕಳಿಗೆ ತಾನಾಗಿ ಹೊಳೆಯುತ್ತದೆ. 1890ರಲ್ಲಿ ಲಾಯಲ್ ಮತ್ತು ಲೆತ್‌ಬ್ರಿಜ್ ಎಂಬ ಅಧಿಕಾರಿಗಳು ವಸಾಹತನ್ನು ಪರಿಶೀಲಿಸಿದರು. ಗಡೀಪಾರಿನ ಭಯ ಹೋಗಿದೆ, ಭಾರತದ ಜೈಲಿಗಿಂತ ಅಂಡಮಾನೇ ಮೇಲು ಎಂದು ಕೈದಿಗಳು ಬಯಸತೊಡಗಿದ್ದಾರೆ ಎಂದು ಅವರಿಗನ್ನಿಸಿತು. ಶಿಕ್ಷೆಯ ಮೊದಲ ಹಂತ ಮನುಷ್ಯನನ್ನು ಒಂಟಿಯಾಗಿಸಿ ಮುರಿಯುವಂತಿರಬೇಕು ಎಂದು ಸಲಹೆ ಕೊಟ್ಟರು. ಅದರ ಫಲವೇ 1896ರಿಂದ 1906ರವರೆಗೆ ಕೈದಿಗಳಿಂದಲೇ ಕಟ್ಟಿಸಿದ ಸೆಲ್ಯುಲರ್ ಜೈಲು. ನಡುವೆ ಕಾವಲುಗೋಪುರ, ಅದರಿಂದ ಬಂಡಿಚಕ್ರದ ಅರಗಳ ಹಾಗೆ ಹೊರಟ ಏಳು ಮೂರಂತಸ್ತಿನ ಸಾಲುಗಳು, 690ಕ್ಕೂ ಹೆಚ್ಚು ಕೋಣೆಗಳು. ಒಂದು ಸಾಲಿನ ಬಾಗಿಲುಗಳು ಮುಂದಿನ ಸಾಲಿನ ಬೆನ್ನಿಗೆ ಎದುರಾಗಿರುತ್ತವೆ. ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡುವಂತಿಲ್ಲ. ಕೋಣೆ ಸುಮಾರು ಹದಿಮೂರೂವರೆ ಅಡಿ ಉದ್ದ, ಏಳು ಅಡಿ ಅಗಲ. ಎಟುಕದ ಎತ್ತರದಲ್ಲಿ ಒಂದು ಬೆಳಕಿಂಡಿ. ಮಕ್ಕಳು ಒಂದು ಕೋಣೆಯೊಳಗೆ ಹೋಗಿ ಸುಮ್ಮನೆ ನಿಂತು ನೋಡಲಿ. ಹೊರಗಿನ ಅಗುಳಿ ಗೋಡೆಯೊಳಗೆ ಎಷ್ಟು ದೂರ ಹೋಗಿ ಕೂರುತ್ತದೆ, ಒಳಗಿನ ಕೈಗೆ ಅದು ಏಕೆ ಎಟುಕದು ಎಂದು ಅವರೇ ಕಂಡುಕೊಳ್ಳುತ್ತಾರೆ.

1909ರಲ್ಲಿ ಅಲಿಪುರ ಬಾಂಬ್ ಮೊಕದ್ದಮೆಯ ಬಾರೀಂದ್ರ ಘೋಷ್, ಉಲ್ಲಾಸ್‌ಕರ್ ದತ್ತ ಮೊದಲಾದವರು ಅಲ್ಲಿಗೆ ಬಂದರು. ನಾಸಿಕ್ ಮೊಕದ್ದಮೆಯ ಸಾವರ್ಕರ್ ಸೋದರರು ಬಂದರು. ಅಣ್ಣ ತಮ್ಮ ಒಂದೇ ಜೈಲಿನಲ್ಲಿದ್ದೂ ಬಹುಕಾಲ ಭೇಟಿಯಾಗಲು ಬಿಡಲಿಲ್ಲ. ಲಾಹೋರ್ ಮೊಕದ್ದಮೆಯ ಗದರ್ ವೀರರು, ಸೋಹನ್ ಸಿಂಗ್ ಭಕ್ನಾ, ಭಾಯಿ ಪರಮಾನಂದ ಬಂದರು. ಕೊಬ್ಬರಿ ಎಣ್ಣೆಯ ಗಾಣಕ್ಕೆ ಎತ್ತಿನ ಬದಲು ಮನುಷ್ಯರನ್ನು ಹೂಡುತ್ತಿದ್ದರು. ದಿನಕ್ಕೆ 30 ಪೌಂಡು ಎಣ್ಣೆ ತೆಗೆಯಬೇಕು, ಎಂದರೆ ಹದಿಮೂರೂವರೆ ಕಿಲೋ. ತೆಗೆಯದಿದ್ದರೆ ಕೋಳ, ನಿಲುವು ಬೇಡಿ, ಚಡಿಯೇಟು. 1912ರಲ್ಲಿ ಇಂದುಭೂಷಣ ರಾಯ್ ಕೋಣೆಯಲ್ಲೇ ನೇಣು ಹಾಕಿಕೊಂಡರು. ಉಲ್ಲಾಸ್‌ಕರ್ ದತ್ತ ಚಿತ್ತಸ್ವಾಸ್ಥ್ಯ ಕಳೆದುಕೊಂಡರು. 1930ರ ದಶಕದಲ್ಲಿ ಬಂದ ತಲೆಮಾರಿನಲ್ಲಿ ಭಗತ್ ಸಿಂಗರ ಸಂಗಾತಿ ಬಟುಕೇಶ್ವರ ದತ್ತ ಇದ್ದರು, ಚಿತ್ತಗಾಂಗ್ ಶಸ್ತ್ರಾಗಾರ ದಾಳಿಯ ಯುವಕರಿದ್ದರು. 1933ರ ಮೇ ತಿಂಗಳಲ್ಲಿ ಅವರು ಉಪವಾಸಕ್ಕೆ ಕೂತರು. ಕೇಳಿದ್ದು ತಿನ್ನಲಾಗುವ ಅನ್ನ, ದೀಪ, ಓದಲು ಪುಸ್ತಕ, ಮನುಷ್ಯರಿಗೆ ತಕ್ಕ ನಡವಳಿಕೆ. ಮೂಗಿಗೆ ನಳಿಗೆ ಹಾಕಿ ಬಲವಂತವಾಗಿ ಹಾಲು ಸುರಿದದ್ದರಿಂದ ಮಹಾವೀರ್ ಸಿಂಗ್, ಮೋಹನ್ ಕಿಶೋರ್ ನಮದಾಸ್, ಮೋಹಿತ್ ಮೈತ್ರ ಮೂವರೂ ಅದೇ ತಿಂಗಳು ಪ್ರಾಣಬಿಟ್ಟರು. ಉಳಿದವರು ಬಿಡಲಿಲ್ಲ, ಬೇಡಿಕೆಗಳಲ್ಲಿ ಹಲವು ಈಡೇರಿದವು, ಆ ಕತ್ತಲ ಕೋಣೆಗಳಲ್ಲಿ ಓದಿನ ತರಗತಿಗಳು ನಡೆದವು. 1937ರಲ್ಲಿ ಮತ್ತೆ ದೊಡ್ಡ ಉಪವಾಸ. ಗಾಂಧೀಜಿ, ರವೀಂದ್ರರು ದನಿಗೂಡಿಸಿದರು. 1938ರ ಆರಂಭದೊಳಗೆ ರಾಜಕೀಯ ಕೈದಿಗಳೆಲ್ಲ ಭಾರತದ ಜೈಲುಗಳಿಗೆ ಮರಳಿದರು.

ಜಪಾನೀಯರ ಕಾಲ ಇನ್ನೊಂದು ನರಕ. 1942ರ ಮಾರ್ಚ್ 23ರಂದು ದ್ವೀಪಗಳು ಅವರ ಕೈಸೇರಿದವು. ಜನಪ್ರಿಯ ವೈದ್ಯ, ಪಂಜಾಬಿ ಕವಿ ಡಾಕ್ಟರ್ ದಿವಾನ್ ಸಿಂಗ್ ಚಿತ್ರಹಿಂಸೆಯಿಂದ 1944ರ ಜನವರಿಯಲ್ಲಿ ಸತ್ತರು. ಅದೇ ತಿಂಗಳ 30ರಂದು ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಗುಂಡಿಟ್ಟು ಕೊಂದರು. ಅಲ್ಲಿಯೂ ಸ್ಮಾರಕವಿದೆ.

ಸ್ವಾತಂತ್ರ್ಯ ಬಂದ ಮೇಲೆ ಈ ಜೈಲು ಉಳಿದದ್ದು ತಾನಾಗಿ ಅಲ್ಲ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ. ಭೂಕಂಪ, ಯುದ್ಧ, ಆಮೇಲೆ ನಮ್ಮವರೇ ಕೆಡವಿದ್ದು ಎಲ್ಲ ಸೇರಿ ಏಳು ಸಾಲುಗಳಲ್ಲಿ ಉಳಿದದ್ದು ಮೂರೇ. ಆವರಣದಲ್ಲಿ ಆಸ್ಪತ್ರೆ ಎದ್ದಿತು. ಆಸ್ಪತ್ರೆ ಬೇಕಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಉಳಿದದ್ದೂ ಹೋಗುವ ಹೊತ್ತಿಗೆ ಎದ್ದು ನಿಂತವರು ಅದೇ ಕೋಣೆಗಳಲ್ಲಿ ಕೊಳೆತಿದ್ದ ಹಿರಿಯರು. ಮಾಜಿ ಅಂಡಮಾನ್ ರಾಜಕೀಯ ಕೈದಿಗಳ ಸಂಘ ಕಟ್ಟಿಕೊಂಡು ಅವರು ಸರ್ಕಾರದ ಬೆನ್ನು ಬಿದ್ದರು. ತಮ್ಮನ್ನು ಹಿಂಡಿದ ಕಟ್ಟಡ ಉರುಳಿದರೆ ನೆಮ್ಮದಿ ಎಂದು ಅವರು ಎಣಿಸಲಿಲ್ಲ. ಅದು ನಿಂತರೆ ಮಾತ್ರ ಮುಂದಿನವರು ನಂಬುತ್ತಾರೆ ಎಂದು ಅರಿತಿದ್ದರು. 1979ರ ಫೆಬ್ರವರಿ 11ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಜೈಲನ್ನು ರಾಷ್ಟ್ರೀಯ ಸ್ಮಾರಕವಾಗಿ ದೇಶಕ್ಕೆ ಅರ್ಪಿಸಿದರು. ಇಂದು ನೀವು ಟಿಕೆಟ್ ಪಡೆದು ಒಳಹೋಗಲು ಸಾಧ್ಯವಾಗಿರುವುದು ಆ ಮುದುಕರ ಹಟದಿಂದ. ಅವರಿಗೆ ನಮ್ಮ ನಮಸ್ಕಾರ ಸಲ್ಲಬೇಕು.

ಗೋಪುರದಲ್ಲಿ ಅಮೃತಶಿಲೆಯ ಮೇಲೆ ಹೆಸರುಗಳನ್ನು ಕೆತ್ತಿದ್ದಾರೆ. ನಿಧಾನವಾಗಿ ಓದಿ, ಮಕ್ಕಳಿಂದಲೂ ಓದಿಸಿ. ಆಮೇಲೆ, ಆ ಗೋಪುರವನ್ನೇ ಕಟ್ಟಿದವರ ಹೆಸರು ಎಲ್ಲಿದೆ ಎಂದು ಅವರು ಕೇಳಿದರೆ ನನ್ನ ಪತ್ರ ಸಾರ್ಥಕ. ಆಸ್ಟ್ರೇಲಿಯಾದಲ್ಲಿ ಬ್ರಿಟನ್ನಿನ ಕೈದಿಗಳ ನೆಲೆಗಳನ್ನು ಉಳಿಸಿರುವ ಬಗೆ ಇಲ್ಲಿ ನೆನಪಾಗುತ್ತದೆ. ಒಂದು ಕಾಲದಲ್ಲಿ ಅಲ್ಲಿನವರೂ ಕೈದಿಯ ವಂಶ ಎಂಬುದನ್ನು ಮುಚ್ಚಿಡುತ್ತಿದ್ದರು. 2010ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಅಲ್ಲಿನ 11 ತಾಣಗಳಲ್ಲಿ ಜೈಲುಗಳಷ್ಟೇ ಅಲ್ಲದೆ ಹೆಂಗಸರನ್ನು ಇರಿಸಿ ದುಡಿಸುತ್ತಿದ್ದ ಕಟ್ಟಡಗಳು, ಕೈದಿಗಳು ಹಾಕಿದ ರಸ್ತೆ, ಅವರು ದುಡಿದ ಹೊಲಮನೆ, ಕಲ್ಲಿದ್ದಲ ಗಣಿ ಎಲ್ಲ ಇವೆ. ಕೈದಿಗಳ ದಾಖಲೆಗಳನ್ನು ಜೋಪಾನ ಮಾಡಿ, ಯಾರು ಬೇಕಾದರೂ ತಮ್ಮ ಮುತ್ತಜ್ಜನನ್ನು ಹುಡುಕಿಕೊಳ್ಳುವಂತೆ ಮಾಡಿದ್ದಾರೆ. ಅಂಡಮಾನಿನ ಕಾಗದಗಳೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಲಂಡನ್ನಿನ ಗ್ರಂಥಾಲಯದಲ್ಲಿ ಇವೆ. ಆ 80 ಸಾವಿರ ಜನರನ್ನೂ ಹೀಗೆಯೇ ಹೆಸರು ಹಿಡಿದು ಕರೆಯುವಂತಾಗಬೇಕು ಎಂಬುದು ನನ್ನ ಹಂಬಲ. ಹಾಗೆ ಮಾಡಿದರೆ ಸ್ವಾತಂತ್ರ್ಯ ವೀರರ ಗೌರವ ಕುಂದುವುದಿಲ್ಲ. ಅವರು ಯಾರ ಬಿಡುಗಡೆಗಾಗಿ ಹೋರಾಡಿದರೋ ಆ ಜನರೇ ಇವರು.

ಇನ್ನೊಂದು ಲೆಕ್ಕವಿದೆ, ಅದನ್ನು ಹೇಳದೆ ಮುಗಿಸಲಾರೆ. ವಸಾಹತು ಬಂದಾಗ ಗ್ರೇಟ್ ಅಂಡಮಾನಿಗಳು ಹತ್ತು ಪಂಗಡಗಳಾಗಿ ಸಾವಿರ ಸಾವಿರ ಸಂಖ್ಯೆಯಲ್ಲಿದ್ದರು. ಅವರನ್ನು ‘ಪಳಗಿಸಲು’ ರಾಸ್ ದ್ವೀಪದಲ್ಲಿ ಮನೆಯೊಂದನ್ನು ತೆರೆದರು. ಹೊರಗಿನವರೊಂದಿಗೆ ಹೊರಗಿನ ಕಾಯಿಲೆಗಳೂ ಬಂದವು. 1877ರ ದಡಾರ ಹಳ್ಳಿಗೆ ಹಳ್ಳಿಯನ್ನೇ ತೆಗೆದುಕೊಂಡಿತು. 1901ರಲ್ಲಿ ಉಳಿದವರು 625, 1961ರಲ್ಲಿ 19. ಬೋ ಭಾಷೆ ಬಲ್ಲ ಕೊನೆಯ ಹೆಂಗಸು ಬೋವಾ ಸೀನಿಯರ್ 2010ರಲ್ಲಿ ತೀರಿಕೊಂಡರು. ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಬೋವಾರ ದನಿಯನ್ನು, ಹಾಡುಗಳನ್ನು ದಾಖಲಿಸಿಕೊಂಡಿದ್ದರಿಂದ ಅಷ್ಟಾದರೂ ಉಳಿದಿದೆ. ಇದೂ ಸ್ಮಾರಕ ಉಳಿಸುವ ಕೆಲಸವೇ. ಊರಿನಲ್ಲಿರುವ ಮಾನವಶಾಸ್ತ್ರ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ತಪ್ಪದೆ ಕರೆದೊಯ್ಯಿರಿ. ಬಾರಾಟಾಂಗ್ ಕಡೆಗಿನ ರಸ್ತೆ ಜಾರವಾ ಜನರ ಮೀಸಲು ಕಾಡಿನ ನಡುವೆ ಹಾದುಹೋಗುತ್ತದೆ. ಅವರನ್ನು ನೋಡಿ ಬರೋಣ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ದಯವಿಟ್ಟು ಒಪ್ಪಬೇಡಿ. ಅವರ ಫೋಟೊ ತೆಗೆಯುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. 1859ರಲ್ಲಿ ಬಾಣ ಹಿಡಿದು ಬಂದವರು ಕೇಳಿದ್ದೂ ತಮ್ಮ ಪಾಡಿಗೆ ತಮ್ಮನ್ನು ಬಿಡಿ ಎಂದಷ್ಟೇ.

ಹಾಗಾಗಿ ಜೈಲನ್ನು ಕೊನೆಗಿಟ್ಟುಕೊಳ್ಳಿ. ಚಾಥಮ್, ಅಬರ್ಡೀನ್, ರಾಸ್, ವೈಪರ್, ಹಳ್ಳಿಗಳು, ಆಮೇಲೆ ಜೈಲು. ಪ್ರತಿ ಜಾಗದಲ್ಲೂ ಮಕ್ಕಳು ಎರಡು ಪ್ರಶ್ನೆ ಕೇಳಲಿ: ಇದನ್ನು ಕಟ್ಟಿದವರು ಯಾರು, ಅದಕ್ಕೂ ಮೊದಲು ಇಲ್ಲಿದ್ದವರು ಯಾರು? ಗೈಡಿಗೆ ಉತ್ತರ ಗೊತ್ತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮುಂದಿನ ಸಲಕ್ಕೆ ತಿಳಿದುಕೊಂಡಾರು. ನೋಡುವವರು ಏನನ್ನು ಕೇಳುತ್ತಾರೋ ಅದನ್ನೇ ತೋರಿಸುವವರು ಉಳಿಸುತ್ತಾರೆ. ನಾವು ಕೇಳುವುದನ್ನು ಹಿಗ್ಗಿಸಿದರೆ ಉಳಿಯುವುದೂ ಹಿಗ್ಗುತ್ತದೆ ಎಂಬ ನಂಬಿಕೆ ನನ್ನದು.

ಹೋಗಿ ಬನ್ನಿ. ಮಕ್ಕಳಿಗೆ ನನ್ನ ಪ್ರೀತಿ. ಮರಳಿದ ಮೇಲೆ ಅವರು ಏನೇನು ಕೇಳಿದರು ಎಂದು ಅವರ ಕೈಯಲ್ಲೇ ಬರೆಸಿ ಕಳಿಸಿ; ಅದನ್ನು ಓದಲು ನನಗೆ ತುಂಬ ಆಸೆಯಿದೆ.

ಇತಿ,
ನಿಮ್ಮ ಗೆಳತಿ